ಪಿಎಲ್‌ಸಿ ಕಣ್ಣು ಮುಚ್ಚಿಕೊಳ್ಳೋದು ಯಾಕೆ?

"ಇಷ್ಟು ದುಡ್ಡು ಕೊಟ್ಟು ಪಿಎಲ್‌ಸಿ ಯಾಕೆ, ರಾಸ್ಪ್‌ಬೆರಿ ಪೈನಲ್ಲೇ ಎಲ್ಲಾ ಆಗುತ್ತಲ್ಲ" ಅಂತ ಕೇಳೋರು ತುಂಬಾ ಜನ. ಪಿಎಲ್‌ಸಿ (ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್) ಅಂದ್ರೆ ಫ್ಯಾಕ್ಟರಿ ಮೆಷಿನ್‌ಗಳನ್ನ ನಡೆಸೋ ಕಂಪ್ಯೂಟರ್ ಡಬ್ಬ, ರಾಸ್ಪ್‌ಬೆರಿ ಪೈ ಅಂದ್ರೆ ಅಂಗೈಯಗಲದ ಚಿಕ್ಕ ಕಂಪ್ಯೂಟರ್. ಪೈನಲ್ಲಿ ಲೈಟ್ ಆನ್-ಆಫ್ ಮಾಡೋಕೆ ಖಂಡಿತ ಆಗುತ್ತೆ. ಆದ್ರೆ ಪಿಎಲ್‌ಸಿ ಹುಟ್ಟಿದ್ದೇ ಬೇರೆ ಕಾರಣಕ್ಕೆ.

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗಕ್ಕೆ, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡೋರಿಗೆ, ರಿಲೇ (ಕರೆಂಟ್‌ನಿಂದ ಆನ್-ಆಫ್ ಆಗೋ ಸ್ವಿಚ್) ಪ್ಯಾನೆಲ್‌ಗಳು ಸಾಕಾಗಿ ಹೋಗಿತ್ತು. ಕಾರಿನ ಮಾಡೆಲ್ ಬದಲಾದ್ರೆ ಲೈನ್ ನಿಲ್ಲಿಸಿ ಬೀರುಗಟ್ಟಲೆ ವೈರಿಂಗ್ ಕಿತ್ತು ಮತ್ತೆ ಹಾಕ್ಬೇಕು, ಯಾವ್ದೋ ಒಂದು ಕಾಂಟ್ಯಾಕ್ಟ್ ಸುಟ್ಟಿದ್ರೆ ಅದನ್ನ ಹುಡುಕೋದ್ರಲ್ಲೇ ಶಿಫ್ಟ್ ಮುಗಿಯುತ್ತೆ. ವೈರ್ ಮುಟ್ಟದೇ ಲಾಜಿಕ್ ಬದಲಾಯಿಸೋ ಕಂಟ್ರೋಲರ್ ಬೇಕು ಅಂದ್ರು. ಅತ್ತ ಮ್ಯಾಸಚೂಸೆಟ್ಸ್‌ನಲ್ಲಿ ಇಂಜಿನಿಯರ್ ಡಿಕ್ ಮಾರ್ಲಿ ಮತ್ತು ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಕಂಪನಿಯ ಗೆಳೆಯರು ಅದೇ ಯೋಚನೇಲಿದ್ರು. 1969ರಲ್ಲಿ ಅವರ ಪಿಎಲ್‌ಸಿ ಮೋಡಿಕಾನ್ 084 ಬಂತು, ಅದು ಆ ಕಂಪನಿಯ 84ನೇ ಪ್ರಾಜೆಕ್ಟ್ ಅಂತ ಆ ನಂಬರ್. ಅದಕ್ಕೆ ಫ್ಯಾನ್ ಇರ್ಲಿಲ್ಲ, ಹೊರಗಿನ ಧೂಳು ಗಾಳಿ ಒಳಗೆ ಹೋಗ್ಲೇಬಾರ್ದು ಅಂತ! ಪ್ರೋಗ್ರಾಂನೂ ರಿಲೇ ಸರ್ಕ್ಯೂಟ್ ಥರಾನೇ ಏಣಿ (ಲ್ಯಾಡರ್) ಆಕಾರದಲ್ಲಿ ಬರೆಯೋದು. ಲೈನ್ ನಿಂತಾಗ ಓಡಿ ಬರೋ ಎಲೆಕ್ಟ್ರಿಷಿಯನ್‌ಗೆ ಆ ಡ್ರಾಯಿಂಗ್ ಓದೋಕೆ ಬರ್ತಿತ್ತು, ಕಂಪ್ಯೂಟರ್ ಭಾಷೆ ಬರ್ತಿರ್ಲಿಲ್ಲ. ಪೀಣ್ಯದಲ್ಲಿ ಇವತ್ತು ಕೆಲಸ ಕಲಿಯೋ ಹುಡುಗರೂ ಶುರು ಮಾಡೋದು ಅದೇ ಲ್ಯಾಡರ್‌ನಿಂದ.

ನನಗೆ ಇದ್ರಲ್ಲಿ ಅತಿ ಇಷ್ಟ ಆಗೋದು ಸ್ಕ್ಯಾನ್. ಪಿಎಲ್‌ಸಿ ಮೊದಲು ಎಲ್ಲಾ ಇನ್‌ಪುಟ್‌ಗಳನ್ನ (ಸೆನ್ಸರ್, ಸ್ವಿಚ್) ಒಂದೇ ಸಲ ಓದಿ ಮೆಮೊರಿಗೆ ಹಾಕ್ಕೊಳ್ಳುತ್ತೆ, ಆಮೇಲೆ ಲ್ಯಾಡರ್ ಪ್ರೋಗ್ರಾಂ ಪೂರ್ತಿ ಸಾಲು ಸಾಲಾಗಿ ಲೆಕ್ಕ ಹಾಕುತ್ತೆ, ಕೊನೆಗೆ ಔಟ್‌ಪುಟ್‌ಗಳನ್ನ (ಮೋಟಾರ್, ವಾಲ್ವ್) ಒಟ್ಟಿಗೆ ಬದಲಾಯಿಸುತ್ತೆ, ಮತ್ತೆ ಮೊದಲಿಂದ. ಈ ಒಂದು ಸುತ್ತೇ ಸ್ಕ್ಯಾನ್. ಮಧ್ಯದಲ್ಲಿ ಹೊರಗೆ ಏನಾದ್ರೂ ಲೆಕ್ಕಕ್ಕಿಲ್ಲ. ಮದುವೆ ಮನೇಲಿ ಪಂಕ್ತಿ ಶುರುವಾದ್ಮೇಲೆ ಬಂದೋರು ಮುಂದಿನ ಪಂಕ್ತಿಗೆ ಕಾಯ್ಬೇಕಲ್ಲ, ಹಾಗೆ. ಇದು ಕೊರತೆ ಅನ್ಸುತ್ತೆ, ಆದ್ರೆ ಯೋಚಿಸಿ: 3ನೇ ಸಾಲು ಲೆಕ್ಕ ಹಾಕುವಾಗ ಮೆಷಿನ್ ಬಾಗಿಲು ಮುಚ್ಚಿದೆ, 40ನೇ ಸಾಲಿಗೆ ಬರೋ ಹೊತ್ತಿಗೆ ತೆರೆದಿದೆ ಅಂದ್ರೆ ಒಂದೇ ಪ್ರೋಗ್ರಾಂ ಎರಡು ಪ್ರಪಂಚ ನೋಡ್ದಂಗಾಗುತ್ತೆ. ಒಂದು ಸ್ಕ್ಯಾನ್‌ಗೆ ಒಂದೇ ಸತ್ಯ ಇರ್ಲಿ ಅಂತಾನೇ ಈ ಏರ್ಪಾಡು.

ಇದಕ್ಕೆ ಬೆಲೆನೂ ಇದೆ. ಸ್ಕ್ಯಾನ್ 10 ಮಿಲಿಸೆಕೆಂಡ್ ತಗೊಂಡು, ಬಾಟಲಿ ಎಣಿಸೋ ಸೆನ್ಸರ್ ಬರೀ 2 ಮಿಲಿಸೆಕೆಂಡ್ ಸಿಗ್ನಲ್ ಕೊಟ್ರೆ ಎಷ್ಟೋ ಬಾಟಲಿ ಎಣಿಕೆಗೇ ಬರಲ್ಲ. ಪ್ರೋಗ್ರಾಂ ಸರಿ ಇದೆ, ಸೆನ್ಸರ್ ಸರಿ ಇದೆ, ಲೆಕ್ಕ ಮಾತ್ರ ತಪ್ಪು. ಹೊಸಬರು ಸೆನ್ಸರ್ ಬದಲಾಯಿಸ್ತಾ ಕೂರ್ತಾರೆ, ಅಲ್ಲಿ ಬೇಕಾಗಿರೋದು ಸ್ಕ್ಯಾನ್‌ಗೆ ಕಾಯದೆ ತಾನೇ ಎಣಿಸೋ ಹೈಸ್ಪೀಡ್ ಕೌಂಟರ್ ಇನ್‌ಪುಟ್.

ಇನ್ನು ಸ್ಕ್ಯಾನ್ ನಿಗದಿ ಟೈಮಲ್ಲಿ ಮುಗೀದಿದ್ರೆ ವಾಚ್‌ಡಾಗ್ ಟೈಮರ್ ಅದನ್ನ ಫಾಲ್ಟ್ ಅಂತ ಹಿಡಿಯುತ್ತೆ, ಪಿಎಲ್‌ಸಿ ಪ್ರೋಗ್ರಾಂ ನಿಲ್ಲಿಸಿ ಸಾಮಾನ್ಯವಾಗಿ ಔಟ್‌ಪುಟ್‌ಗಳನ್ನೂ ಆಫ್ ಮಾಡುತ್ತೆ. ಆದ್ರೆ ಪೈನಲ್ಲಿರೋ ಥರ, ಹಿನ್ನೆಲೇಲಿ ಅಪ್‌ಡೇಟ್ ಓಡ್ತಿರೋ ಮಾಮೂಲಿ ಆಪರೇಟಿಂಗ್ ಸಿಸ್ಟಂ ಪ್ರತಿ ಸಲ ಇಷ್ಟೇ ಟೈಮಲ್ಲಿ ಉತ್ತರ ಕೊಡ್ತೀನಿ ಅಂತ ಮಾತು ಕೊಡಲ್ಲ. ಪೈನಲ್ಲಿ ಆರಾಮಾಗಿ ಕಲೀರಿ, ಮನೆ ತೋಟಕ್ಕೆ ನೀರು ಬಿಡ್ಸಿ, ಆದ್ರೆ ಆಪರೇಟರ್ ಕೈ ಹೋಗೋ ಪ್ರೆಸ್ ಮೆಷಿನ್‌ಗೆ ಮಾತ್ರ ಅದನ್ನ ಕಟ್ಬೇಡಿ.