ಎನ್‌ಎ ಆದ ಜಾಗಕ್ಕೆ ಮತ್ತೆ ಝೋನ್ ಚೇಂಜ್ ಯಾಕೆ?

ಓದುಗರ ಪ್ರಶ್ನೆ: ಕಾರವಾರ ಪೇಟೆಯಲ್ಲಿ ನಮ್ಮ ಜಾಗ ಅಪ್ಪನ ಕಾಲದಲ್ಲೇ ಎನ್‌ಎ (ಕೃಷಿಯೇತರ ಜಾಗ) ಆಗಿದೆ. ಈಗ ರೋಡ್ ಬದಿಗೆ ನಾಕು ಮಳಿಗೆ ಕಟ್ಟೋಣ ಅಂದ್ರೆ ಝೋನ್ ಬದಲಾಯಿಸ್ಕೊಂಡು ಬನ್ನಿ ಅಂತಾರೆ. ಎನ್‌ಎ ಆದ ಮೇಲೂ ಇದೇನು ಸರ್?

ಕಾರವಾರ, ಅಂಕೋಲಾ, ಶಿರಸಿ, ಎಲ್ಲಾ ಕಡೆಯಿಂದ ಇದೇ ಪ್ರಶ್ನೆ ಬರತ್ತೆ ಮಾರಾಯ್ರೆ, ಎಷ್ಟು ಸಲ ಹೇಳಿದ್ರೂ ಮತ್ತೆ ಅದೇ. ಈ ಸಲ ಪೂರ್ತಿ ಬರೀತೀನಿ, ಸೇವ್ ಮಾಡಿ ಇಟ್ಕೊಳ್ಳಿ.

ಎನ್‌ಎ ಆಯ್ತು ಅಂದ್ರೆ ಏನು ಬೇಕಾದ್ರೂ ಕಟ್ಟಬಹುದು ಅನ್ನೋದು ಸುಳ್ಳು. ಎನ್‌ಎ ಕಂದಾಯದ ವಿಷಯ, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಡಿಸಿ ಕೊಡೋ ಆದೇಶ. ಝೋನ್, ಅಂದ್ರೆ ಆ ಜಾಗ ವಸತಿಗೋ ವಾಣಿಜ್ಯಕ್ಕೋ ಅನ್ನೋ ವಿಂಗಡಣೆ, ಬರೋದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ, ಅದನ್ನ ನೋಡೋದು ನಗರಾಭಿವೃದ್ಧಿ ಪ್ರಾಧಿಕಾರ. ಕಾಯ್ದೆ ಬೇರೆ, ಆಫೀಸ್ ಬೇರೆ. ಅಪ್ಪನ ಕಾಲದ ಆ ಆದೇಶ ಒಮ್ಮೆ ತೆಗೆದು ಓದಿ, ಯಾವ ಉದ್ದೇಶಕ್ಕೆ ಅಂತ ಅದರಲ್ಲೇ ಬರೆದಿರತ್ತೆ. ವಾಸಕ್ಕೆ ಅಂತ ಇದ್ರೆ ಅಂಗಡಿಗೆ ಆ ಆದೇಶವೇ ಸಾಲಲ್ಲ, ಮಾಸ್ಟರ್ ಪ್ಲಾನ್, ಅಂದ್ರೆ ಯಾವ ಜಾಗ ಯಾವ ಬಳಕೆಗೆ ಅಂತ ತೋರಿಸೋ ಊರಿನ ನಕ್ಷೆ, ಅದರ ಮಾತು ಆಮೇಲಿಂದು. ಆ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಮೇಲೆ ಹಳದಿ ಬಣ್ಣ ಇದ್ರೆ ವಸತಿ, ನೀಲಿ ಇದ್ರೆ ವಾಣಿಜ್ಯ, ಎನ್‌ಎ ಆಯ್ತು ಅಂತ ಹಳದಿ ಹೋಗಿ ನೀಲಿ ಆಗಲ್ಲ. ಇಷ್ಟು ಹೇಳಿದ ಮೇಲೂ ಕೆಲವರು ಕಮರ್ಷಿಯಲ್ ಟ್ಯಾಕ್ಸ್ ಕಟ್ತಾ ಇದೀವಲ್ಲ, ಹೆಸ್ಕಾಂ ಕಮರ್ಷಿಯಲ್ ಮೀಟರ್ ಕೊಟ್ಟಿದೆಯಲ್ಲ, ಪಕ್ಕದವರು ಕಟ್ಟಿದಾರಲ್ಲ ಅಂತಾರೆ. ಟ್ಯಾಕ್ಸ್ ರಸೀದಿ ತೆರಿಗೆ ಕಟ್ಟಿದ್ದಕ್ಕೆ ದಾಖಲೆ, ಕರೆಂಟ್ ಬಿಲ್ ಕರೆಂಟ್ ಉರಿಸಿದ್ದಕ್ಕೆ ದಾಖಲೆ. ಎರಡೂ ಝೋನ್ ಬದಲಾಯಿಸಲ್ಲ. ಪಕ್ಕದವರು ಪರ್ಮಿಷನ್ ಇಲ್ದೆ ಕಟ್ಟಿದ್ರೆ ಅದು ನಿಮಗೆ ಪರ್ಮಿಷನ್ ಆಗಲ್ಲ.

ಈಗ ಮಾಡಬೇಕಾದ್ದು. ಮೊದಲು ಸರ್ವೆ ನಂಬರ್ ಕೊಟ್ಟು ಪ್ರಾಧಿಕಾರದಲ್ಲಿ ಝೋನ್ ಯಾವುದು ಅಂತ ಬರಹದಲ್ಲಿ ತಗೊಳ್ಳಿ. ವಸತಿ ಝೋನಲ್ಲೂ ರಸ್ತೆ ಅಗಲ ನೋಡಿ ಕೆಲವು ಸಣ್ಣ ಬಳಕೆಗೆ ಅವಕಾಶ ಇರತ್ತೆ, ಝೋನಲ್ ರೆಗ್ಯುಲೇಷನ್ (ಯಾವ ಝೋನಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ) ಓದಿ, ನಿಮ್ಮ ಮಳಿಗೆ ಅದರಲ್ಲೇ ಬಂದ್ರೆ ಝೋನ್ ಬದಲಾವಣೆಯೇ ಬೇಡ. ಬರಲ್ಲ ಅಂದ್ರೆ ಅದೇ 1961ರ ಯೋಜನಾ ಕಾಯ್ದೆಯ 14-ಎ ಕಲಂ ಕೆಳಗೆ ಝೋನ್ ಬದಲಾವಣೆಗೆ ಅರ್ಜಿ. ಪ್ರಾಧಿಕಾರ ಪೇಪರಲ್ಲಿ ಪ್ರಕಟಣೆ ಕೊಡತ್ತೆ, ಕನಿಷ್ಠ 15 ದಿನ ಆಕ್ಷೇಪಣೆಗೆ ಟೈಮ್, ಆಮೇಲೆ ಸರ್ಕಾರದ ಒಪ್ಪಿಗೆ, ಬದಲಾವಣೆ ಶುಲ್ಕ ಬೇರೆ. ಸ್ಥಳೀಯ ಆಫೀಸಲ್ಲೇ ಸೈನ್ ಹಾಕಿಸಿ ಕೊಡ್ತೀನಿ ಅನ್ನೋ ಏಜೆಂಟರಿಗೆ ದುಡ್ಡು ಕೊಡಬೇಡಿ.

ಕಡಲ ಬದಿ, ಕಾಳಿ ನದಿ ಬದಿ ಜಾಗ ಇದ್ದವರಿಗೆ ಇನ್ನೊಂದು ಮಾತು. ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್ ಒಳಗೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ಅದು ಕೇಂದ್ರದ ಪರಿಸರ ಕಾಯ್ದೆಯಿಂದ ಬಂದದ್ದು, ಝೋನ್ ನೀಲಿ ಆದ್ರೂ ಅದು ಹೋಗಲ್ಲ. ಪೇಟೆ ಒಳಗಿನ ಸಿಆರ್‌ಝೆಡ್-2, ಅಂದ್ರೆ ಆ ವಲಯದಲ್ಲಿ ಮೊದಲೇ ಕಟ್ಟಡ ಬೆಳೆದಿರೋ ಭಾಗ, ಅಂಥ ಜಾಗದಲ್ಲಿ ಮೊದಲಿಂದ ಇರೋ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಈಚೆ, ಅಂದ್ರೆ ನೆಲದ ಬದಿಗೆ ಮಾತ್ರ ಕಟ್ಟಬಹುದು. ಶಿರಸಿ ಕಡೆ ಸೊಪ್ಪಿನ ಬೆಟ್ಟಕ್ಕೂ ಝೋನ್ ಕೇಳ್ತಾರೆ. ಬೆಟ್ಟ ತೋಟಕ್ಕೆ ಸೊಪ್ಪು ತರೋಕೆ ಕೊಟ್ಟ ಸವಲತ್ತು, ಅಲ್ಲಿ ಮಳಿಗೆ ಮಾತೇ ಇಲ್ಲ.

ಇನ್ನು ಯಾರೂ ಕೇಳದೇ ಇರೋದು: ಪಕ್ಕದ ಜಾಗದವರು ಹೀಗೆ ಅರ್ಜಿ ಹಾಕಿದ್ರೆ ನಾವೇನು ಮಾಡಬಹುದು? ಆ 15 ದಿನದ ಪ್ರಕಟಣೆ ಇರೋದೇ ನಿಮಗಾಗಿ. ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬಂದಿರತ್ತೆ, ಯಾರೂ ನೋಡಲ್ಲ, ಕಟ್ಟಡ ಎದ್ದ ಮೇಲೆ ಗಲಾಟೆ ಮಾಡ್ತಾರೆ. ಓಣಿ ರಸ್ತೆ ಎಷ್ಟು ಅಡಿ, ಮಳೆನೀರು ಎಲ್ಲಿಗೆ ಹರಿಯತ್ತೆ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ, ಇಂಥದ್ದನ್ನ ಸರ್ವೆ ನಂಬರ್ ಸಮೇತ ಬರೆದು ಕೊಡಿ, ಹಳೇ ಜಗಳ ಬರೀಬೇಡಿ. ಕೊಟ್ಟ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳದೆ ಆಫೀಸಿಂದ ಹೊರಗೆ ಬರಬೇಡಿ.