ಹವಾಮಾನ ನೀತಿಯ ಪರಿಣಾಮ ಅಳೆಯುವುದು: ಪಾವಗಡ ಸೋಲಾರ್ ಪಾರ್ಕ್ ಇಟ್ಟುಕೊಂಡು

ಪಾವಗಡ ಸೋಲಾರ್ ಪಾರ್ಕ್ ಹರಡಿರುವುದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ, ಸುಮಾರು 13,000 ಎಕರೆಯಲ್ಲಿ; ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನು ಸ್ವಾಧೀನಪಡಿಸಿಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ: ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ.

ಇಂಗಾಲದ ಲೆಕ್ಕ ಸುಲಭ. ಸಾಮರ್ಥ್ಯದ ಶೇ 22ರಷ್ಟು ಉತ್ಪಾದನೆ ಎಂದುಕೊಂಡರೆ ವರ್ಷಕ್ಕೆ ಸುಮಾರು 395 ಕೋಟಿ ಯೂನಿಟ್. ಯೂನಿಟ್‌ಗೆ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ ಎಂದು ಹಿಡಿದರೆ ವರ್ಷಕ್ಕೆ 27 ಲಕ್ಷ ಟನ್‌ಗಿಂತ ಹೆಚ್ಚು ಉಳಿತಾಯ. ಬಹಳಷ್ಟು ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಸುಸ್ಥಿರ ಅಭಿವೃದ್ಧಿಯ ಪ್ರಶ್ನೆ ಶುರುವಾಗುವುದು ಇದರ ನಂತರ.

ಮೊದಲು ಬೇಸ್‌ಲೈನ್, ಅಂದರೆ ಪಾರ್ಕ್ ಬಾರದಿದ್ದರೆ ಏನಾಗುತ್ತಿತ್ತು ಎಂಬುದು. ‘ಆಗ–ಈಗ’ ಹೋಲಿಕೆ ಬೇಸ್‌ಲೈನ್ ಅಲ್ಲ. ಪಾವಗಡ ಬರದ ಸೀಮೆ. ಒಳ್ಳೆ ಮಳೆಯ ವರ್ಷದ ಕಡಲೆಕಾಯಿ ಇಳುವರಿ ಹಿಡಿದರೆ ರೈತರ ನಷ್ಟ ಉಬ್ಬುತ್ತದೆ, ಬೀಳು ಬಿಟ್ಟ ವರ್ಷ ಹಿಡಿದರೆ ಅವರ ಲಾಭ ಉಬ್ಬುತ್ತದೆ. ಹತ್ತು ವರ್ಷದ ಸರಾಸರಿ ತೆಗೆದುಕೊಳ್ಳಿ, ಅದೂ ಖರ್ಚು ಕಳೆದ ಆದಾಯ. ಗುತ್ತಿಗೆ ಹಣದಲ್ಲಿ ಅದನ್ನು ಕಳೆದು ಉಳಿದದ್ದಷ್ಟೇ ನೀತಿಯ ಪಾಲು.

ಪಾರ್ಕ್‌ನಿಂದ ಜನರ ಬದುಕಿನ ಮೇಲಾಗುವ ಪರಿಣಾಮಗಳ ಪಟ್ಟಿ ಉದ್ದವಾದರೆ ಜರಡಿ ಹಿಡಿಯಲು ಐಕ್ಯಾಟ್ (ಹವಾಮಾನ ಕ್ರಮಗಳ ಪಾರದರ್ಶಕತೆಗಾಗಿ ಇರುವ ಅಂತರರಾಷ್ಟ್ರೀಯ ಉಪಕ್ರಮ) ಮಾರ್ಗಸೂಚಿಯ ಅಳತೆ ಸಾಕು. ಸಂಭವನೀಯತೆ ಶೇ 33ಕ್ಕಿಂತ ಕಡಿಮೆ ಇದ್ದರೆ ಅಥವಾ ಗಾತ್ರ ಅಲ್ಪವಾದರೆ ಕೈಬಿಡಬಹುದು, ಉಳಿದವನ್ನು ಅಳೆಯಬೇಕು.

ಅಳೆಯುವಾಗ ಯಾರಿಗೆ ಎಷ್ಟು ಎಂದು ಬೇರ್ಪಡಿಸಿ. ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ, ಆ ಹೆಸರು ಹೆಚ್ಚಾಗಿ ಗಂಡಸಿನದು. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರು, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರು ಯಾವ ಒಪ್ಪಂದದಲ್ಲೂ ಇಲ್ಲ. ಎಲ್ಲ ಸೇರಿಸಿ ‘ಹಳ್ಳಿಯ ಸರಾಸರಿ ಆದಾಯ’ ಎಂದು ಬರೆದರೆ ಇವರು ಲೆಕ್ಕದಿಂದಲೇ ಮಾಯ.

ಕಾಲಾವಧಿಯೂ ಮುಖ್ಯ. ಐದು ಏರಿಕೆಯ ನಂತರ, ಅಂದರೆ ಹತ್ತು ವರ್ಷ ಕಳೆದ ಮೇಲೆ, ಎಕರೆಯ ಗುತ್ತಿಗೆ ಹಣ ಸುಮಾರು 26,800 ರೂಪಾಯಿ. ಬೆಲೆ ಏರಿಕೆ ವರ್ಷಕ್ಕೆ ಶೇ 5 ಇದ್ದರೆ ಮೊದಲ ವರ್ಷದ ಬೆಲೆಯಲ್ಲಿ ಅದು ಸುಮಾರು 16,450 ಮಾತ್ರ. ಮೊದಲ ವರ್ಷದ ಸಮೀಕ್ಷೆಯಲ್ಲಿ ಇದು ಕಾಣುವುದಿಲ್ಲ.

ಭೂರಹಿತರ ಸ್ಥಿತಿಗೆ ಉದ್ಯೋಗ ಖಾತ್ರಿ ಕೆಲಸದ ಬೇಡಿಕೆ ಒಳ್ಳೆಯ ಸೂಚಕ. ಆದರೆ ಬರ ಬಂದರೂ ಬೇಡಿಕೆ ಏರುತ್ತದೆ, ಹಾಗಾಗಿ ಪಾರ್ಕ್ ಇಲ್ಲದ ಪಕ್ಕದ ಹೋಬಳಿಯ ಅಂಕಿಗಳನ್ನೂ ಜೊತೆಗಿಟ್ಟು ನೋಡಬೇಕು.