ಎರಡು ನದಿ, ಎರಡು ಗಡಿ: ಕುಕಾಪಾ ಮತ್ತು ಮಿಸ್ಕಿಟೊ ಜನರ ಬದುಕು

ಕೊಲರಾಡೊ ನದಿ ಸಮುದ್ರ ಸೇರುವ ಜಾಗದಲ್ಲಿ ನಿಪಾ ಅನ್ನೋ ಹುಲ್ಲು ಬೆಳೆಯುತ್ತದೆ. ಉಪ್ಪುನೀರಿನಲ್ಲೇ ಬೆಳೆದು ತೆನೆ ಬಿಡುವ ಹುಲ್ಲು ಇದು. ಕಾಳು ಹೆಚ್ಚುಕಡಿಮೆ ಗೋಧಿಯಷ್ಟಿರುತ್ತದೆ. ಬೇಸಿಗೆಯ ದೊಡ್ಡ ಉಬ್ಬರ ಬಂದಾಗ ಉದುರಿದ ಕಾಳು ತೇಲಿಬಂದು ದಡದಲ್ಲಿ ಸಾಲುಗಟ್ಟಿ ಬೀಳುತ್ತಿತ್ತು. ಕುಕಾಪಾ ಜನ ಅದನ್ನು ಬಾಚಿ ತಂದು, ಒಣಗಿಸಿ, ಬೀಸಿ ತಿನ್ನುತ್ತಿದ್ದರು. ಅಷ್ಟರಲ್ಲಿ ದೂರದ ರಾಕಿ ಪರ್ವತಗಳ ಹಿಮ ಕರಗಿ ನದಿ ಉಕ್ಕುತ್ತಿತ್ತು. ನೆರೆ ಇಳಿದ ಮೇಲೆ ಉಳಿದ ಹಸಿ ಮೆಕ್ಕಲು ಮಣ್ಣಿನಲ್ಲಿ ಮೆಕ್ಕೆಜೋಳ, ಕಾಳು, ಕುಂಬಳ ಬಿತ್ತುತ್ತಿದ್ದರು. ವರ್ಷಕ್ಕೆ 10 ಸೆಂಟಿಮೀಟರ್ ಮಳೆಯೂ ಬಾರದ ಮರುಭೂಮಿ ಅದು. ಆದರೂ ಅಲ್ಲಿ ನದಿಯನ್ನು ನಂಬಿ ಜನ ನೂರಾರು ವರ್ಷ ಬದುಕಿದ್ದರು.

ಕುಕಾಪಾಗಳು ಯೂಮನ್ ಭಾಷಾ ಕುಟುಂಬದ ಜನ. ಮೊಹಾವಿ, ಕ್ವೆಚಾನ್, ಕುಮಿಯಾಯ್, ಹವಸುಪಾಯ್, ವಾಲಪಾಯ್, ಪಾಯ್‌ಪಾಯ್, ಕಿಲಿವಾ ಎಲ್ಲರೂ ಇದೇ ಕುಟುಂಬಕ್ಕೆ ಸೇರಿದವರು. ಅಮೆರಿಕದ ಅರಿಝೋನಾ, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಹರಡಿಕೊಂಡಿದ್ದಾರೆ. ಅಲ್ಲಿಂದ ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ, ನಿಕರಾಗುವಾ ದೇಶದ ಕೆರಿಬಿಯನ್ ಕರಾವಳಿಯಲ್ಲಿ ಮಿಸ್ಕಿಟೊ ಮತ್ತು ಮಯಾಂಗ್ನಾ ಜನರಿದ್ದಾರೆ. ಅಲ್ಲಿ ಮಳೆ ಧಾರಾಳ, ದಟ್ಟ ಕಾಡು, ಅಗಲವಾದ ವಾಂಕಿ ನದಿ. ಇವರಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಏನರ್ಥ ಅಂತ ಕೇಳಬಹುದು. ಇಬ್ಬರೂ ನದಿಯ ಜನ. ಇಬ್ಬರ ನದಿಯ ಮೇಲೂ ಯಾರೋ ದೂರದಲ್ಲಿ ಕೂತು ದೇಶದ ಗಡಿ ಎಳೆದರು. ಒಂದು ಸಮುದಾಯ ಬಡವಾಗುವುದು ಅಥವಾ ಚೇತರಿಸಿಕೊಳ್ಳುವುದು ಯಾವುದರಿಂದ ಅನ್ನೋ ಪ್ರಶ್ನೆಗೆ ಈ ಇಬ್ಬರ ಕಥೆಯಷ್ಟು ಸ್ಪಷ್ಟವಾದ ಉತ್ತರ ಬೇರೆಡೆ ಸಿಗುವುದು ಅಪರೂಪ ಅಂತ ನನಗೆ ಅನಿಸುತ್ತದೆ.

ಮೊದಲು ಕುಕಾಪಾಗಳನ್ನೇ ನೋಡೋಣ. 1853ರ ಕೊನೆಯಲ್ಲಿ ಮೆಕ್ಸಿಕೋ ದೇಶ ಅಮೆರಿಕಕ್ಕೆ ದೊಡ್ಡದೊಂದು ಭೂಭಾಗವನ್ನು ಮಾರಿತು. ಆ ವ್ಯವಹಾರದಲ್ಲಿ ಎಳೆದ ಗೆರೆ ಕುಕಾಪಾಗಳ ನಾಡನ್ನು ಎರಡು ಮಾಡಿತು. ಬಹಳ ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೆಂಟರ ಮನೆಗೆ, ಸಾವಿನ ಕ್ರಿಯೆಗೆ, ಮೀನು ಹಿಡಿಯಲು ಜನ ಆಚೀಚೆ ಓಡಾಡುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಗಡಿ ಕಾವಲು ಬಿಗಿಯಾಗುತ್ತಾ ಬಂದ ಹಾಗೆ ಒಂದೇ ಮನೆತನದವರು ಎರಡು ದೇಶದ ಪ್ರಜೆಗಳಾದರು. ಉತ್ತರದವರನ್ನು ಕೊಕೊಪಾ ಅನ್ನುತ್ತಾರೆ, ದಕ್ಷಿಣದವರನ್ನು ಕುಕಾಪಾ ಅನ್ನುತ್ತಾರೆ. ಭಾಷೆ ಒಂದೇ, ಪೂರ್ವಿಕರು ಒಂದೇ, ನದಿ ಒಂದೇ. ಬೇರೆ ಇರುವುದು ಸರ್ಕಾರ ಮಾತ್ರ. ಪ್ರಯೋಗಾಲಯದಲ್ಲಿ ಬೇಕು ಅಂದರೂ ಮಾಡಲಾಗದ ಪ್ರಯೋಗವನ್ನು ಚರಿತ್ರೆಯೇ ಇಲ್ಲಿ ಮಾಡಿಬಿಟ್ಟಿದೆ.

ಆಮೇಲೆ ನೀರು ನಿಂತಿತು. 1922ರಲ್ಲಿ ಅಮೆರಿಕದ ಏಳು ರಾಜ್ಯಗಳು ಕೊಲರಾಡೊ ನೀರನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಆ ಹಂಚಿಕೆಯಲ್ಲಿ ಮೂಲನಿವಾಸಿಗಳಿಗೆ ಪಾಲು ಇಡಲಿಲ್ಲ. 1930ರ ದಶಕದಲ್ಲಿ ಹೂವರ್ ಅಣೆಕಟ್ಟು ಬಂತು. 1944ರ ಒಪ್ಪಂದದಲ್ಲಿ ಮೆಕ್ಸಿಕೋಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರು ಅಂತ ನಿಗದಿಯಾಯಿತು. ನಮಗೆ ಗೊತ್ತಿರುವ ಲೆಕ್ಕದಲ್ಲಿ ಅದು ಸುಮಾರು 65 ಟಿಎಂಸಿ. ಅದನ್ನು ಗಡಿಯ ಹತ್ತಿರದ ಮೊರೆಲೋಸ್ ಅಣೆಕಟ್ಟಿನಲ್ಲಿ ತಿರುಗಿಸಿ ಮೆಕ್ಸಿಕಾಲಿ ಕಣಿವೆಯ ಹೊಲಗಳಿಗೂ ಊರುಗಳಿಗೂ ಕೊಡುತ್ತಾರೆ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿ ಅದರ ಹಿಂದಿನ ಜಲಾಶಯ ತುಂಬಿಸಲು ಶುರುಮಾಡಿದ ಮೇಲಂತೂ ಹೆಚ್ಚಿನ ವರ್ಷಗಳಲ್ಲಿ ನದಿ ಸಮುದ್ರವನ್ನೇ ಮುಟ್ಟಲಿಲ್ಲ. ನೆರೆ ಇಲ್ಲ, ಮೆಕ್ಕಲು ಮಣ್ಣಿಲ್ಲ, ಬಿತ್ತನೆಯೂ ಇಲ್ಲ. ನಿಪಾ ಅಲ್ಲೊಂದು ಇಲ್ಲೊಂದು ಕಡೆ ಉಳಿಯಿತು.

ಇಲ್ಲಿಯವರೆಗೆ ಗಡಿಯ ಎರಡೂ ಕಡೆಯವರಿಗೆ ಆದ ನಷ್ಟ ಒಂದೇ. ಆದರೆ ಉತ್ತರದವರ ಕೈಯಲ್ಲಿ ಒಂದು ಕಾಗದವಿತ್ತು. ಫ್ರ್ಯಾಂಕ್ ಟೆಹಾನೊ ಎಂಬ ನಾಯಕನ ಪ್ರಯತ್ನದಿಂದ 1917ರಲ್ಲಿ ಅರಿಝೋನಾದ ಸೊಮರ್ಟನ್ ಊರಿನ ಹತ್ತಿರ ಕೊಕೊಪಾಗಳಿಗೆ ಮೀಸಲು ಭೂಮಿ ಸಿಕ್ಕಿತ್ತು. ತೀರಾ ಸಣ್ಣ ಜಾಗ. ಆದರೆ 1908ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು: ಮೀಸಲು ಭೂಮಿ ಕೊಟ್ಟಿದ್ದೀರಿ ಅಂದರೆ ಅದರ ಜೊತೆ ಅಲ್ಲಿ ಬದುಕಲು ಬೇಕಾದ ನೀರನ್ನೂ ಕೊಟ್ಟ ಹಾಗೇ. 1963ರಲ್ಲಿ ಅರಿಝೋನಾ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ನಡುವಿನ ನೀರಿನ ವ್ಯಾಜ್ಯದಲ್ಲಿ ಅದೇ ತತ್ವವನ್ನು ಕೋರ್ಟ್ ಐದು ಬುಡಕಟ್ಟು ಮೀಸಲು ಪ್ರದೇಶಗಳಿಗೆ ಅನ್ವಯಿಸಿತು. ಕೊಕೊಪಾ ಮತ್ತು ಕ್ವೆಚಾನ್ ಅದರಲ್ಲಿದ್ದರು. ಹಕ್ಕಿನ ಹಿರಿತನವನ್ನು ಮೀಸಲು ಭೂಮಿ ಸಿಕ್ಕ ವರ್ಷದಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಬರ ಬಂದಾಗ ಮೊದಲು ನೀರು ಕಡಿತವಾಗುವುದು ಇವರಿಗಿಂತ ಆಮೇಲೆ ಬಂದ ದೊಡ್ಡ ನಗರಗಳಿಗೆ. ಮುಂದೆ 1988ರಲ್ಲಿ ಬುಡಕಟ್ಟುಗಳ ಜೂಜುಕೇಂದ್ರಗಳಿಗೆ ಕೇಂದ್ರ ಕಾನೂನಿನ ಚೌಕಟ್ಟು ಬಂತು. ಕೊಕೊಪಾಗಳು ಕ್ಯಾಸಿನೊ ತೆರೆದರು. ಗುತ್ತಿಗೆಗೆ ಕೊಟ್ಟ ಹೊಲಗಳ ಬಾಡಿಗೆ, ಕ್ಯಾಸಿನೊ, ರೆಸಾರ್ಟ್ ಇವುಗಳ ಆದಾಯದಿಂದ ಬುಡಕಟ್ಟಿನ ಸರ್ಕಾರವೇ ಮನೆ, ಪೊಲೀಸ್, ಹಿರಿಯರ ಆರೈಕೆ ನೋಡಿಕೊಳ್ಳುತ್ತದೆ.

ಎಲ್ಲಾ ಸರಿಹೋಯಿತು ಅಂತಲ್ಲ. ಅಮೆರಿಕದ ಮೂಲನಿವಾಸಿಗಳಲ್ಲಿ ಬಡತನದ ಪ್ರಮಾಣ ದೇಶದ ಸರಾಸರಿಗಿಂತ ಈಗಲೂ ತುಂಬಾ ಜಾಸ್ತಿ. ಸಕ್ಕರೆ ಕಾಯಿಲೆ ಆ ದೇಶದಲ್ಲಿ ಅತಿ ಹೆಚ್ಚು ಕಾಡುವುದು ಇವರನ್ನೇ. ಕಾಳು, ಮೀನು, ಮೆಸ್ಕೀಟ್ ಮರದ ಕಾಯಿ ತಿನ್ನುತ್ತಿದ್ದವರಿಗೆ ಸರ್ಕಾರದ ಪಡಿತರದಲ್ಲಿ ಮೈದಾ, ಸಕ್ಕರೆ, ಕೊಬ್ಬು ಬಂದಿದ್ದು ಇದಕ್ಕೊಂದು ದೊಡ್ಡ ಕಾರಣ. ಕ್ಯಾಸಿನೊ ಲಾಭವೂ ಹೆದ್ದಾರಿ, ನಗರ ಎಷ್ಟು ಹತ್ತಿರ ಅನ್ನೋದರ ಮೇಲೆ ನಿಂತಿದೆ. ಸ್ಯಾನ್ ಡಿಯಾಗೊ ಪಕ್ಕದ ಕುಮಿಯಾಯ್ ಗುಂಪುಗಳಿಗೆ ಸಿಗುವ ಆದಾಯ ಗ್ರ್ಯಾಂಡ್ ಕ್ಯಾನ್ಯನ್ ಆಳದಲ್ಲಿರುವ ಹವಸುಪಾಯ್‌ಗಳಿಗೆ ಎಲ್ಲಿಂದ ಬರಬೇಕು? ಅವರ ಊರಿಗೆ ಇಂದಿಗೂ ಅಂಚೆ ಹೇಸರಗತ್ತೆಯ ಮೇಲೆ ಹೋಗುತ್ತದೆ.

ಗಡಿ ದಾಟಿ ದಕ್ಷಿಣಕ್ಕೆ ಬಂದರೆ ಚಿತ್ರವೇ ಬೇರೆ. ಎಲ್ ಮಯೋರ್ ಎಂಬ ಹಳ್ಳಿಯ ಸುತ್ತ ಕುಕಾಪಾಗಳು ಕೆಲವೇ ನೂರು ಮಂದಿ ಇದ್ದಾರೆ. 1970ರ ದಶಕದಲ್ಲಿ ಮೆಕ್ಸಿಕೋ ಸರ್ಕಾರ ಇವರಿಗೆ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಯನ್ನು ಸಮುದಾಯದ ಹೆಸರಿಗೆ ಮಾಡಿಕೊಟ್ಟಿತು. ಕೇಳಲು ದೊಡ್ಡದು. ಆದರೆ ಬಹುಪಾಲು ಬೋಳು ಬೆಟ್ಟ, ಇಲ್ಲವೇ ಲಗೂನಾ ಸಲಾಡಾ ಎಂಬ ಒಣಗಿದ ಉಪ್ಪಿನ ಬಯಲು. ನೀರಿನ ಹಕ್ಕು ಜೊತೆಗೆ ಬರಲಿಲ್ಲ. ಉತ್ತರದ ನೆಂಟರ ಸಣ್ಣ ತುಂಡು ಭೂಮಿಗೆ ನದಿಯಲ್ಲಿ ಪಾಲಿದೆ, ಇವರ ವಿಶಾಲ ಭೂಮಿಗೆ ಇಲ್ಲ.

ಉಳಿದದ್ದು ಮೀನು. ಕುರ್ವಿನಾ ಎಂಬ ಮೀನು ಫೆಬ್ರವರಿಯಿಂದ ಕೆಲವು ತಿಂಗಳು, ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ, ಮೊಟ್ಟೆ ಇಡಲು ನದೀಮುಖಕ್ಕೆ ಲಕ್ಷಗಟ್ಟಲೆ ಬರುತ್ತದೆ. ಗಂಡು ಮೀನುಗಳು ಒಟ್ಟಾಗಿ ಎಬ್ಬಿಸುವ ಸದ್ದು ಎಷ್ಟು ಜೋರು ಅಂದರೆ, ವಿಜ್ಞಾನಿಗಳು ಇದುವರೆಗೆ ಅಳೆದ ಮೀನಿನ ಸದ್ದುಗಳಲ್ಲೇ ಇದು ಅತಿ ಜೋರಿನವುಗಳ ಸಾಲಿಗೆ ಸೇರುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಕ್ರೈಸ್ತರು ಮಾಂಸ ಬಿಡುವುದರಿಂದ ಮೆಕ್ಸಿಕೋ ನಗರದಲ್ಲಿ ಇದಕ್ಕೆ ಒಳ್ಳೆ ಬೇಡಿಕೆ. ಆದರೆ 1993ರಲ್ಲಿ ಸರ್ಕಾರ ಆ ಜಾಗವನ್ನು ಸಂರಕ್ಷಿತ ಜೀವಗೋಳ ಪ್ರದೇಶ ಅಂತ ಘೋಷಿಸಿ, ನಡುಭಾಗದಲ್ಲಿ ಮೀನುಗಾರಿಕೆ ನಿಷೇಧಿಸಿತು. ವಕೀಟಾ ಎಂಬ ಅಳಿವಿನಂಚಿನ ಪುಟ್ಟ ಕಡಲ ಸಸ್ತನಿಯನ್ನು ಉಳಿಸುವುದು ಮುಖ್ಯ ಉದ್ದೇಶಗಳಲ್ಲೊಂದು. ಉದ್ದೇಶ ಒಳ್ಳೆಯದೇ. ಆದರೆ ಒಟ್ಟು ಹಿಡಿಯುವ ಕುರ್ವಿನಾದಲ್ಲಿ ಕುಕಾಪಾಗಳ ಪಾಲು ಸಣ್ಣದು. ಪಕ್ಕದ ಊರುಗಳ ವ್ಯಾಪಾರಿ ದೋಣಿಗಳೇ ಬಹುಪಾಲು ಹಿಡಿಯುತ್ತವೆ. ನದಿಯನ್ನು ಒಣಗಿಸಿದ್ದು ಕುಕಾಪಾಗಳಲ್ಲ. ಆದರೂ ಬಲೆ ಹಾಕಿದರೆ ಕಾನೂನು ಮುರಿದವರು ಅನ್ನಿಸಿಕೊಂಡದ್ದು ಅವರೇ. ಈ ಹೋರಾಟವನ್ನು ಮುನ್ನಡೆಸಿದವರಲ್ಲಿ ಹೆಂಗಸರು ಮುಂದಿದ್ದರು. ಮೀನುಗಾರರ ಸಹಕಾರ ಸಂಘಗಳನ್ನು ನಡೆಸಿದರು, ಕೋರ್ಟಿಗೆ ಹೋದರು. 2002ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಇವರ ಪರವಾಗಿ ಶಿಫಾರಸು ಮಾಡಿತು. ಶಿಫಾರಸು ಮಾಡಬಹುದು ಅಷ್ಟೇ, ಆದೇಶ ಕೊಡುವ ಅಧಿಕಾರ ಆಯೋಗಕ್ಕಿಲ್ಲ.

ಈಗ ನಿಕರಾಗುವಾ. ಮಿಸ್ಕಿಟೊಗಳ ವಾಂಕಿ ನದಿಯನ್ನು ನಕ್ಷೆಗಳಲ್ಲಿ ಕೊಕೊ ನದಿ ಅಂತ ಗುರುತಿಸುತ್ತಾರೆ. 1960ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಈ ನದಿಯೇ ಹೊಂಡುರಾಸ್–ನಿಕರಾಗುವಾ ಗಡಿ ಅಂತ ತೀರ್ಪು ಕೊಟ್ಟಿತು. ದಕ್ಷಿಣ ದಡದಲ್ಲಿ ಮನೆ, ಉತ್ತರ ದಡದಲ್ಲಿ ಹೊಲ ಇದ್ದವರು ಇದ್ದಕ್ಕಿದ್ದಂತೆ ಪರದೇಶದಲ್ಲಿ ಹೊಲ ಇರುವವರಾದರು. ಉತ್ತರ ದಡದ ಎಷ್ಟೋ ಕುಟುಂಬಗಳು ಊರು ಬಿಟ್ಟು ದಕ್ಷಿಣಕ್ಕೆ ಬಂದವು. ಎರಡು ದಶಕ ಕಳೆದ ಮೇಲೆ ನಿಕರಾಗುವಾದ ಎಡಪಂಥೀಯ ಸಾಂಡಿನಿಸ್ಟಾ ಸರ್ಕಾರ ಮತ್ತು ಅಮೆರಿಕ ಬೆಂಬಲಿತ ಬಂಡುಕೋರರ ಯುದ್ಧದ ನಡುವೆ ಇದೇ ನದಿದಡದ ಸಾವಿರಾರು ಜನರನ್ನು ಸರ್ಕಾರದ ಸೈನ್ಯ ಬಲವಂತವಾಗಿ ಒಳನಾಡಿಗೆ ಸಾಗಿಸಿತು. ಇನ್ನೂ ಸಾವಿರಾರು ಜನ ಹೊಂಡುರಾಸಿಗೆ ಓಡಿಹೋದರು. ಹಳ್ಳಿಗಳನ್ನು ಸುಟ್ಟರು.

ಆ ಗಾಯದಿಂದಲೇ ಒಂದು ದೊಡ್ಡ ಕಾನೂನು ಹುಟ್ಟಿತು. 1987ರಲ್ಲಿ ಕೆರಿಬಿಯನ್ ಕರಾವಳಿಗೆ ಸ್ವಾಯತ್ತ ಆಡಳಿತ ಸಿಕ್ಕಿತು. 2001ರಲ್ಲಿ ಆವಾಸ್ ಟಿಂಗ್ನಿ ಎಂಬ ಪುಟ್ಟ ಮಯಾಂಗ್ನಾ ಹಳ್ಳಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದಲ್ಲಿ ತನ್ನದೇ ಸರ್ಕಾರದ ವಿರುದ್ಧ ಗೆದ್ದಿತು. ಸರ್ಕಾರ ಅವರನ್ನು ಕೇಳದೆ ಕೊರಿಯಾ ಮೂಲದ ಕಂಪನಿಯೊಂದಕ್ಕೆ ಮರ ಕಡಿಯಲು ಕಾಡು ಬಿಟ್ಟುಕೊಟ್ಟಿತ್ತು. ಕಾಗದಪತ್ರ ಇಲ್ಲದಿದ್ದರೂ ತಲೆತಲಾಂತರದಿಂದ ಬದುಕಿದ ನೆಲ ಸಮುದಾಯದ ಆಸ್ತಿಯೇ ಅಂತ ಆ ನ್ಯಾಯಾಲಯ ಹೇಳಿದ್ದು ಅದೇ ಮೊದಲು. 2003ರ 445ನೇ ಕಾನೂನಿನ ಪ್ರಕಾರ ದೇಶದ ಸುಮಾರು ಮೂರನೇ ಒಂದು ಭಾಗಕ್ಕೆ ಸಮುದಾಯಗಳ ಹೆಸರಿನಲ್ಲಿ ಹಕ್ಕುಪತ್ರ ಸಿಕ್ಕಿದೆ. ಕಾಗದದ ಮೇಲೆ ನೋಡಿದರೆ ಅಮೆರಿಕದಲ್ಲೂ ಮೆಕ್ಸಿಕೋದಲ್ಲೂ ಯೂಮನ್ ಜನರಿಗೆ ಇಷ್ಟು ಸಿಕ್ಕಿಲ್ಲ, ಅಲ್ವಾ?

ಆದರೆ ಆ ಕಾನೂನಿನ ಕೊನೆಯ ಹಂತ ಒಂದಿದೆ: ಅಕ್ರಮವಾಗಿ ನುಗ್ಗಿದವರನ್ನು ಬಿಡಿಸುವುದು. ಅದು ಬಹುತೇಕ ಆಗಲೇ ಇಲ್ಲ. ದನ ಸಾಕಲು, ಚಿನ್ನ ತೆಗೆಯಲು, ಮರ ಕಡಿಯಲು ಹೊರಗಿನವರು ಬರುತ್ತಲೇ ಇದ್ದಾರೆ. 2020ರ ಜನವರಿಯಲ್ಲಿ ಬೊಸಾವಾಸ್ ಕಾಡಿನ ಅಲಾಲ್ ಎಂಬ ಮಯಾಂಗ್ನಾ ಊರಿನ ಮೇಲೆ ಶಸ್ತ್ರಧಾರಿಗಳು ದಾಳಿ ಮಾಡಿ ಜನರನ್ನು ಕೊಂದು ಮನೆಗಳನ್ನು ಸುಟ್ಟರು. ಅದೇ ವರ್ಷ ನವೆಂಬರಿನಲ್ಲಿ ಎಟಾ ಮತ್ತು ಐಯೋಟಾ ಎಂಬ ಎರಡು ಭಾರಿ ಚಂಡಮಾರುತಗಳು ಎರಡು ವಾರದ ಅಂತರದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ದಡಕ್ಕೆ ಅಪ್ಪಳಿಸಿದವು. 2023ರಲ್ಲಿ ಯಾಟಾಮಾ ಎಂಬ ಮೂಲನಿವಾಸಿಗಳ ಪಕ್ಷದ ಮಾನ್ಯತೆಯನ್ನೇ ಸರ್ಕಾರ ರದ್ದು ಮಾಡಿತು.

ನೆಲದಲ್ಲಿ ಭರವಸೆ ಕಡಿಮೆಯಾದಾಗ ಗಂಡಸರು ಸಮುದ್ರಕ್ಕೆ ಇಳಿಯುತ್ತಾರೆ. ಅಮೆರಿಕದ ಹೋಟೆಲುಗಳಿಗೆ ಹೋಗುವ ಕೆರಿಬಿಯನ್ ಲಾಬ್‌ಸ್ಟರ್ ಹಿಡಿಯುವವರಲ್ಲಿ ಮಿಸ್ಕಿಟೊ ಮುಳುಗುಗಾರರು ಬಹಳ ಮಂದಿ. ಇಲ್ಲಿ ದೇಹದ ಭೌತಶಾಸ್ತ್ರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಸಿಲಿಂಡರಿನಿಂದ ಉಸಿರಾಡುವ ಗಾಳಿಯ ನೈಟ್ರೋಜನ್ ಆ ಒತ್ತಡದಲ್ಲಿ ರಕ್ತ, ಕೊಬ್ಬು, ನರಗಳಲ್ಲಿ ಕರಗುತ್ತದೆ. ನಿಧಾನವಾಗಿ, ನಿಂತು ನಿಂತು ಮೇಲೆ ಬಂದರೆ ಅದು ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಬೇಗ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ದೇಹದೊಳಗೆ ಗುಳ್ಳೆ ಏಳುತ್ತದೆ. ಗುಳ್ಳೆ ಬೆನ್ನುಹುರಿಯಲ್ಲಿ ಸಿಕ್ಕಿಕೊಂಡರೆ ಕಾಲಿಗೆ ಲಕ್ವಾ ಹೊಡೆಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ದಡದ ಹತ್ತಿರದ ಲಾಬ್‌ಸ್ಟರ್ ಖಾಲಿಯಾದ ಹಾಗೆ ಮುಳುಗುಗಾರರು ಇನ್ನೂ ಆಳಕ್ಕೆ, ದಿನಕ್ಕೆ ಹಲವು ಸಿಲಿಂಡರ್ ಖರ್ಚು ಮಾಡಿ ಇಳಿಯುತ್ತಾರೆ. ಆಳ ಅಳೆಯುವ ಸಾಧನವೂ ಎಷ್ಟೋ ಜನರ ಬಳಿ ಇರುವುದಿಲ್ಲ. ಕೂಲಿ ಸಿಗುವುದು ಹಿಡಿದ ತೂಕಕ್ಕೆ. ಮೈ ಸ್ವಾಧೀನ ತಪ್ಪಿದವರನ್ನು ಕಡಲೊಡತಿ ಲಿವಾ ಮೈರಿನ್ ಶಿಕ್ಷಿಸಿದ್ದಾಳೆ ಅಂತ ಜನ ನಂಬುತ್ತಾರೆ. ಆಳದಿಂದ ಅತಿಯಾಗಿ ದೋಚಿದವರನ್ನು ಆಕೆ ಬಿಡುವುದಿಲ್ಲವಂತೆ. ಈ ನಂಬಿಕೆಯನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅತಿಯಾಗಿ ಹಿಡಿಯುವುದಕ್ಕೂ ಆ ಲಕ್ವಾಕ್ಕೂ ಇರುವ ಸಂಬಂಧವನ್ನು ಆ ಜನ ಸರಿಯಾಗಿಯೇ ಗುರುತಿಸಿದ್ದಾರೆ. ಈ ಬಗೆಯ ಮುಳುಗುಗಾರಿಕೆಯನ್ನು ನಿಲ್ಲಿಸುವ ಕಾನೂನು ನಿಕರಾಗುವಾದಲ್ಲಿ 2007ರಲ್ಲೇ ಬಂತು. ಜಾರಿಯ ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿದರು.

ಹಾಗಾದರೆ ಆದಾಯದ ಅಂಕಿಯೊಂದನ್ನೇ ಹಿಡಿದು ಇವರನ್ನು ಹೋಲಿಸಬಹುದೇ? ಭೂಗೋಳಶಾಸ್ತ್ರಜ್ಞ ಬರ್ನಾರ್ಡ್ ನೀಟ್ಶ್‌ಮನ್ 1960ರ ದಶಕದ ಕೊನೆಯಲ್ಲಿ ತಸ್ಬಪೌನಿ ಎಂಬ ಮಿಸ್ಕಿಟೊ ಹಳ್ಳಿಯಲ್ಲಿದ್ದು ಜನ ಏನು ತಿನ್ನುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಅಂತ ಲೆಕ್ಕವಿಟ್ಟಿದ್ದರು. ಮೊದಲು ಒಬ್ಬರು ಕಡಲಾಮೆ ಹಿಡಿದರೆ ಮಾಂಸ ನೆಂಟರ ಮನೆಗಳಿಗೆಲ್ಲ ಹೋಗುತ್ತಿತ್ತು. ಮುದುಕರಿಗೆ, ವಿಧವೆಯರಿಗೆ ಅದೇ ಆಧಾರ. ಆಮೇಲೆ ಆಮೆ ಕೊಳ್ಳುವ ಕಂಪನಿಗಳು ಬಂದವು. ಮನೆಗೆ ದುಡ್ಡು ಬಂತು, ಹಂಚುವ ಮಾಂಸ ಕಡಿಮೆಯಾಯಿತು, ಆಮೆಗಳೂ ಕಡಿಮೆಯಾದವು. ಆದಾಯ ಏರಿದೆ ಅಂತ ಅಂಕಿ ಹೇಳುತ್ತಿದ್ದ ಕಾಲಕ್ಕೇ ಎಷ್ಟೋ ಮನೆಗಳ ಊಟ ಇಳಿದಿತ್ತು.

ಭಾಷೆಯ ವಿಷಯಕ್ಕೆ ಬಂದರೆ ತಕ್ಕಡಿ ಪೂರ್ತಿ ಇನ್ನೊಂದು ಕಡೆಗೆ ವಾಲುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮಿಸ್ಕಿಟೊ ಮಾತಾಡುತ್ತಾರೆ, ಮಕ್ಕಳೂ ಮಾತಾಡುತ್ತಾರೆ. ಚರ್ಚಿನ ಪ್ರಾರ್ಥನೆ, ರೇಡಿಯೋ, ಪ್ರಾಥಮಿಕ ಶಾಲೆ ಆ ಭಾಷೆಯಲ್ಲಿವೆ. ಯೂಮನ್ ಭಾಷೆಗಳಲ್ಲಿ ಕಿಲಿವಾ ಬಲ್ಲವರು ಬೆರಳೆಣಿಕೆ, ಕುಕಾಪಾ ಬಲ್ಲವರು ಎರಡೂ ದೇಶ ಸೇರಿ ಕೆಲವು ನೂರು. ಉತ್ತರದಲ್ಲಿ ಮಕ್ಕಳನ್ನು ವಸತಿಶಾಲೆಗೆ ಹಾಕಿ ತಾಯ್ನುಡಿ ಬಿಡಿಸಿದರು. ದಕ್ಷಿಣದಲ್ಲಿ ಮೆಕ್ಸಿಕಾಲಿಯ ಕಾರ್ಖಾನೆ, ಹೊಲಗಳ ಕೂಲಿಗೆ ಸ್ಪ್ಯಾನಿಷ್ ಇಲ್ಲದೆ ಆಗುವುದಿಲ್ಲ.

ಕೊಕೊಪಾಗಳ ಆರ್ಥಿಕ ಸ್ಥಿತಿ ಸುಧಾರಿಸಿದ್ದು ಕ್ಯಾಸಿನೊದಿಂದ ಅಂತ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಕ್ಕು ಮುರಿದವರನ್ನು ಎಳೆದು ತರಬಲ್ಲ ಕೋರ್ಟು ಮತ್ತು ಆ ಕೋರ್ಟಿನ ಮಾತು ಕೇಳಲೇಬೇಕಾದ ಸರ್ಕಾರ ಇದ್ದುದರಿಂದಲೇ ಕ್ಯಾಸಿನೊ ಸಾಧ್ಯವಾಯಿತು. ಆವಾಸ್ ಟಿಂಗ್ನಿಯವರಿಗೆ ಇನ್ನೂ ದೊಡ್ಡ ಗೆಲುವು ಸಿಕ್ಕಿತ್ತು. ಹಕ್ಕುಪತ್ರ ಕೈಗೆ ಬರಲು ಮತ್ತೆ ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಕಾಡಿನೊಳಗೆ ಬೇರೆಯವರು ಬೇಲಿ ಹಾಕಿದ್ದರು.

2014ರ ಮಾರ್ಚ್‌ನಲ್ಲಿ ಎರಡು ದೇಶಗಳು ಒಪ್ಪಿ ಮೊರೆಲೋಸ್ ಅಣೆಕಟ್ಟಿನಿಂದ ಒಣ ನದಿಪಾತ್ರಕ್ಕೆ ಎಂಟು ವಾರ ನೀರು ಬಿಟ್ಟರು, ಒಟ್ಟು ನಾಲ್ಕೂವರೆ ಟಿಎಂಸಿಯಷ್ಟು. ಮೇ ತಿಂಗಳಲ್ಲಿ ನದಿ ಸಮುದ್ರ ಮುಟ್ಟಿತು. ದಡದಲ್ಲಿ ಸಸಿಗಳು ಚಿಗುರಿದವು. 2017ರ ಒಪ್ಪಂದದಲ್ಲೂ ಮುಖಜಭೂಮಿಗೆ ಒಂದಿಷ್ಟು ನೀರು ಎತ್ತಿಟ್ಟರು. ಆ ಒಪ್ಪಂದವೂ, ಬರಗಾಲದಲ್ಲಿ ನೀರು ಹಂಚುವ ಅಮೆರಿಕದ 2007ರ ನಿಯಮಗಳೂ 2026ಕ್ಕೆ ಮುಗಿಯುತ್ತವೆ. ಕೊಲರಾಡೊ ಕಣಿವೆಯ ಅಮೆರಿಕದ ಭಾಗದಲ್ಲಿ 30 ಬುಡಕಟ್ಟುಗಳಿವೆ. ನದಿಯ ನೀರಿನಲ್ಲಿ ಸುಮಾರು ಕಾಲುಭಾಗದ ಮೇಲೆ ಅವಕ್ಕೆ ಕಾನೂನಿನ ಹಕ್ಕಿದೆ. 1922ರಲ್ಲಿ ಇವರನ್ನು ಹೊರಗಿಟ್ಟ ಹಾಗೆ ಈ ಸಲ ಇಡುವುದು ಕಷ್ಟ. ಎಲ್ ಮಯೋರ್‌ನ ಕುಕಾಪಾಗಳು ಆ 30ರಲ್ಲಿಲ್ಲ. ಅವರ ಪಾಲು ಮೆಕ್ಸಿಕೋದ 65 ಟಿಎಂಸಿಯೊಳಗೇ ಬರಬೇಕು. ಅದನ್ನು ಕೊಡಿಸುವುದು ಮೆಕ್ಸಿಕೋ ಸರ್ಕಾರದ ಕೆಲಸ.